ಬೆಳಕಿಂಡಿ ಪಕ್ಕದ ಮುಳ್ಳಿಲ್ಲದ ಕಳ್ಳಿ

ನನ್ನ ಗಂಡನ ಹೆಸರು ತೋಟಪ್ಪ. ಅವರು ಇದ್ದಾಗ ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಈಗ ಬರೆಯಬೇಕಾಗಿದೆ, ಬರೆದಿದ್ದೇನೆ. ಇನ್ನು ಮುಂದೆ ನಮ್ಮವರು ಅಂತಲೇ ಬರೆಯುತ್ತೇನೆ.

ಗಜೇಂದ್ರಗಡದಲ್ಲಿ ನಮ್ಮದು ನೇಕಾರರ ಓಣಿ. ಮನೆಯ ನಡುವೆಯೇ ಮಗ್ಗದ ಕುಣಿ. ನಮ್ಮವರು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುವುದು, ನಾನು ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುವುದು, ಅತ್ತೆ ಕಳಕವ್ವ ಹರಿದ ಎಳೆ ಕೂಡಿಸುವುದು. ಮಗ್ಗದ ಮನೆಗೆ ಕಿಟಕಿ ಇಲ್ಲ. ಬೆಳಕೆಲ್ಲ ಮಾಳಿಗೆಯ ಬೆಳಕಿಂಡಿಯಿಂದಲೇ ಬರಬೇಕು. ಆ ಕಿಂಡಿ ಸರಿಯಾಗಿ ಮಗ್ಗದ ಮೇಲೆಯೇ ಇದೆ. ಮೇಲೆ ಯಾರಾದರೂ ಬಗ್ಗಿದರೆ ಕೆಳಗೆ ನೇಯುತ್ತಿರುವ ಸೀರೆಯ ಮೇಲೆ ಅವರ ನೆರಳು ಬೀಳುತ್ತದೆ.

ನಮ್ಮವರದು ಮಾತು ಕಡಿಮೆ. ಚಟ ಒಂದೇ ಇತ್ತು. ಕಣ್ಣಿಗೆ ಹೊಸದಾಗಿ ಕಂಡದ್ದನ್ನೆಲ್ಲ ಮನೆಗೆ ತರುವುದು. ಗುಡ್ಡಕ್ಕೆ ಹೋದರೆ ಹಾವಿನ ಪೊರೆ. ಹಳ್ಳಕ್ಕೆ ಹೋದರೆ ಪಟ್ಟೆಪಟ್ಟೆ ಕಲ್ಲು. ಒಮ್ಮೆ ಗೀಜಗನ ಗೂಡು ತಂದು, ಮಗ್ಗ ನಿಲ್ಲಿಸಿ, ಎಳೆಎಳೆಯಾಗಿ ಬಿಚ್ಚಿ ನೋಡಿದರು. ಹಕ್ಕಿ ಎಲ್ಲಿಂದ ಶುರು ಮಾಡಿತು ಅನ್ನುವುದು ಕೊನೆಗೂ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಅಂತಲೇ ಖುಷಿಪಟ್ಟರು. ಅತ್ತೆ ಅದೆಲ್ಲವನ್ನೂ ಒಟ್ಟುಮಾಡಿ ತಿಪ್ಪೆಗೆ ಹಾಕುತ್ತಿದ್ದರು. ಇದು ಮನೆಯೋ ಹಾಳು ಗುಡಿಯೋ ಅನ್ನುತ್ತಿದ್ದರು. ನಮ್ಮವರು ಎದುರು ಮಾತಾಡುತ್ತಿರಲಿಲ್ಲ. ಮಾವ ಬೇಗ ತೀರಿಕೊಂಡಿದ್ದರು. ಮಗನನ್ನು ಸಾಕಿ, ಮಗ್ಗಕ್ಕೆ ಕೂಡಿಸಿದ್ದು ಅತ್ತೆಯೇ. ಅವರ ಮಾತೇ ಮನೆಯಲ್ಲಿ ಮಾತು.

ಆಗ ನಮ್ಮೂರು ಮುಂಬೈ ರಾಜ್ಯದಲ್ಲಿತ್ತು. ಸೊಲ್ಲಾಪುರದ ನೂಲು ರೈಲಿನಲ್ಲಿ ಹೊಳೆಆಲೂರಿಗೆ ಬರುತ್ತಿತ್ತು. ಒಂದು ಬೇಸಿಗೆಯಲ್ಲಿ ನೂಲಿನ ಗಂಟು ಬಿಡಿಸಿಕೊಂಡು ಬರಲು, ನಮಗೆ ನೂಲು ಕೊಟ್ಟು ಸೀರೆ ಕೊಳ್ಳುವ ಸಾವುಕಾರರು ನಮ್ಮವರನ್ನು ಅಲ್ಲಿಗೆ ಕಳಿಸಿದರು. ಸ್ಟೇಷನ್ನಿನ ಹಿಂದೆ ರೈಲಿನ ಒಬ್ಬ ಬಾಬು ಸಾಮಾನು ಕಟ್ಟುತ್ತಿದ್ದ. ಅವನಿಗೆ ಮದ್ರಾಸಿನ ಕಡೆ ಬದಲಿಯಾಗಿತ್ತು. ಸಾಕಿದ ಗಿಡಗಳನ್ನು ಬಂದಬಂದವರಿಗೆ ಕೊಡುತ್ತಿದ್ದ. ಗುಲಾಬಿ, ಮಲ್ಲಿಗೆ ಎಲ್ಲ ಹೋಗಿದ್ದವು. ಒಂದು ಡಬ್ಬಿ ಮಾತ್ರ ಯಾರಿಗೂ ಬೇಡವಾಗಿ ಉಳಿದಿತ್ತು.

ಅದರೊಳಗೆ ಬೆಳವಲಕಾಯಿಯಷ್ಟು ದಪ್ಪನೆಯ ಒಂದು ಉಂಡೆ. ಬೂದು ಬಣ್ಣ. ಎಲೆ ಇಲ್ಲ, ಕೊಂಬೆ ಇಲ್ಲ. ಐದು ಏಣು, ಮೈತುಂಬ ಸಣ್ಣ ಸಣ್ಣ ಬಿಳಿ ಚುಕ್ಕಿ. ಇದು ಕಳ್ಳಿ ಅಂತ ಬಾಬು ಹೇಳಿದಾಗ ನಮ್ಮವರು ಮುಟ್ಟಿ ನೋಡಿದರು. ಮುಳ್ಳೇ ಇಲ್ಲ. ಮುಳ್ಳಿಲ್ಲದ ಕಳ್ಳಿಯೂ ಇರುತ್ತದೆಯೇ? ಸಮುದ್ರದಾಚೆ ಮೆಕ್ಸಿಕೋ ಅನ್ನುವ ದೇಶದ್ದಂತೆ. ಬಿಸಿಲು ಎಷ್ಟಾದರೂ ಬೇಕು, ನೀರು ಮಾತ್ರ ನಾಲಿಗೆ ಒದ್ದೆಯಾಗುವಷ್ಟು ಸಾಕು ಅಂತ ಬಾಬು ತಿಳಿಸಿದ. ಮನಸ್ಸು ಬಂದರೆ ಬೇಸಿಗೆಯಲ್ಲಿ ನೆತ್ತಿಯ ಮೇಲೆ ಹೂ ಬಿಡುತ್ತದೆ. ಹಳದಿ ಹೂ, ಗಂಟಲು ಕೆಂಪು. ಹಳದಿ ಎಲ್ಲಿ ಮುಗಿಯಿತು, ಕೆಂಪು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ ಅಂದನಂತೆ.

ನಮ್ಮವರಿಗೆ ಹುಚ್ಚು ಹಿಡಿಸಿದ್ದು ಆ ಮಾತೇ. ಸೀರೆಯ ಅಂಚಿನಲ್ಲಿ ಹಳದಿ ಕೆಂಪು ಕೂಡುವ ಕಡೆ ಗೆರೆ ಬಿದ್ದೇ ಬೀಳುತ್ತದೆ. ಗೆರೆ ಇಲ್ಲದೆ ಎರಡು ಬಣ್ಣ ಕೂಡುವುದನ್ನು ಅವರು ಕಂಡಿರಲಿಲ್ಲ. ಅದನ್ನು ಕಾಣಬೇಕು. ಕಂಡು ಅಂಚಿಗೆ ತರಬೇಕು. ನೂಲಿನ ಗಂಟನ್ನು ಬಸ್ಸಿನ ಮೇಲೆ ಹಾಕಿಸಿ, ಡಬ್ಬಿಯನ್ನು ರುಮಾಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ರೋಣದ ಮೇಲೆ ಊರಿಗೆ ಬಂದರು. ಕಂಡಕ್ಟರ್ ಬಗ್ಗಿ ನೋಡಿ, "ಕೂಸಿಗೆ ಎಷ್ಟ ವರ್ಷರಿ? ಅರ್ಧ ಟಿಕೀಟ ಆಗತೈತಿ" ಅಂದನಂತೆ. ಮನೆಗೆ ಬಂದು ಅದನ್ನು ಹೇಳುವಾಗ ಅವರು ನಕ್ಕಷ್ಟು ನಾನು ಮದುವೆಯಾದ ಮೇಲೆ ನೋಡಿರಲಿಲ್ಲ.

ಅತ್ತೆ ನಗಲಿಲ್ಲ. ಕಳ್ಳಿ ಹೊಲದ ಬದುವಿಗೆ ಚಂದ, ಇಲ್ಲಾ ದೃಷ್ಟಿ ತಾಗದ ಹಾಗೆ ಬಾಗಿಲಿಗೆ ತಲೆಕೆಳಗಾಗಿ ಕಟ್ಟಲು ಚಂದ, ಕುಂಡದಲ್ಲಿಟ್ಟು ಸಾಕುವವರು ಯಾರು ಅಂತ ರೇಗಿದರು. ನಮ್ಮವರು ಗುಡ್ಡದ ಗರಸು ತಂದು, ಮಣ್ಣಿಗೆ ಬೆರೆಸಿ, ಮಣ್ಣಿನ ಕುಂಡದಲ್ಲಿ ಗಿಡ ಕೂರಿಸಿ, ಮಾಳಿಗೆಯ ಮೇಲೆ ಬೆಳಕಿಂಡಿಯ ಪಕ್ಕ ಇಟ್ಟರು. ಮಳೆ ಹನಿದರೆ ಲಾಳಿ ಬಿಟ್ಟು ಓಡಿಹೋಗಿ ಕುಂಡಕ್ಕೆ ತಗಡು ಮುಚ್ಚಿ ಬರುತ್ತಿದ್ದರು.

ಆಷಾಢದಲ್ಲಿ ಒಂದು ದಿನ ಅತ್ತೆ ಮಾಳಿಗೆ ಗುಡಿಸಲು ಹೋದವರು ಗಿಡದ ಮೇಲಿನ ಬಿಳುಪನ್ನು ಧೂಳು ಅಂದುಕೊಂಡು ಒದ್ದೆ ಬಟ್ಟೆಯಿಂದ ಒರೆಸಿದರು. ಬಿಳುಪು ಹೋಗಲಿಲ್ಲ. ಮತ್ತೆ ತಿಕ್ಕಿದರು. ಒದ್ದೆಯಾದಾಗ ಮಾಸಿದಂತೆ ಕಂಡದ್ದು ಒಣಗಿದ ಮೇಲೆ ಮೊದಲಿಗಿಂತ ಬೆಳ್ಳಗೆ ಎದ್ದು ನಿಂತಿತು. ಅತ್ತೆ ಕೆಳಗೆ ಬಂದಾಗ ಮುಖವೇ ಬೇರೆಯಾಗಿತ್ತು.

"ರೇಣವ್ವ, ಅದರ ಮೈ ತುಂಬ ಇಬತ್ತಿ ಐತಿ. ಮುಖ ಎಣಿಸಿದೆ. ಐದ ಅದಾವು" ಅಂದರು.

ವಿಭೂತಿ ಹಚ್ಚಿಕೊಂಡೇ ಹುಟ್ಟಿದ ಐದು ಮುಖದ ಲಿಂಗ. ಮುಗಿಯಿತು. ಮರುದಿನದಿಂದ ಸ್ನಾನ ಮಾಡಿ ಒಂದು ತಂಬಿಗೆ ನೀರು ಹಿಡಿದು ಮಾಳಿಗೆ ಹತ್ತುವುದು ಶುರುವಾಯಿತು. ಶ್ರಾವಣ ಬಂದ ಮೇಲೆ ಕೇಳಬೇಡಿ. ಪಕ್ಕದ ಮನೆಯ ಮರಿಯವ್ವ ಬಂದಳು. ಅವಳ ಹಿಂದೆ ಓಣಿಯ ಹೆಂಗಸರೆಲ್ಲ ಬಂದರು. ಮರಿಯವ್ವನ ಆಡು ಕಳೆದಿತ್ತು. ಸಿಕ್ಕರೆ ಕಾಯಿ ಒಡೆಯುತ್ತೇನೆ ಅಂತ ಗಿಡಕ್ಕೆ ಬೇಡಿಕೊಂಡಳು. ಸಂಜೆಗೆ ಆಡು ತಾನೇ ಬಂತು. ಆಮೇಲೆ ಸೋಮವಾರ ಅಂದರೆ ನಮ್ಮ ಏಣಿಗೆ ಪುರುಸೊತ್ತೇ ಇಲ್ಲ. ನೀರು, ಹಾಲು, ಬಿಲ್ವಪತ್ರೆ. ನಮ್ಮವರು ಮಳೆಗೆ ತಗಡು ಮುಚ್ಚುವುದು, ಇವರು ಬಂದು ತಗಡು ತೆಗೆದು ಕೊಡ ಸುರಿಯುವುದು.

ಎರಡನೆಯ ಸೋಮವಾರ ನಮ್ಮವರು ಗಿಡದ ಬುಡ ಒತ್ತಿ ನೋಡಿದರು. ಮೆತ್ತಗಾಗಿತ್ತು. ಅವತ್ತು ಅವರು ಊಟ ಬಿಟ್ಟರು.

ರೋಣದ ದಾರಿಯಲ್ಲಿ ಯಮನೂರಸಾಬ ಅನ್ನುವವರು ಪೇರಲ ತೋಟ ನೋಡಿಕೊಂಡಿದ್ದರು. ಮಾವು, ಬೋರೆ ಎಲ್ಲಕ್ಕೂ ಕಸಿ ಕಟ್ಟುವ ಕೈ. ನಮ್ಮವರು ಅವರ ಹತ್ತಿರ ಹೋಗಿ ಕೇಳಿದರು. ಬುಡ ಕೊಳೆತರೆ ಬುಡ ಉಳಿಯುವುದಿಲ್ಲ ಅಂತ ಯಮನೂರಸಾಬ ಹೇಳಿಬಿಟ್ಟರು. ತಲೆ ಉಳಿಸಬಹುದು. ಬೇಲಿಯ ಡಬ್ಬಗಳ್ಳಿಯ ಒಂದು ದಪ್ಪ ಹಾಳೆ ಕುಂಡದಲ್ಲಿ ಊರಬೇಕು. ಬೇರು ಬಿಟ್ಟ ಮೇಲೆ ಅದರ ನೆತ್ತಿ ಕೊಯ್ದು, ಇದರ ತಲೆ ಕೊಯ್ದು, ಇದನ್ನು ಅದರ ಮೇಲೆ ಕೂರಿಸಿ ಕಟ್ಟಬೇಕು. ಕೊಯ್ದ ಕಡೆ ಎರಡರಲ್ಲೂ ಬಳೆಯಂಥ ಗುರುತು ಕಾಣುತ್ತದೆ. ಈ ಬಳೆ ಆ ಬಳೆಗೆ ಒಂದು ಕಡೆಯಾದರೂ ತಾಗಬೇಕು. ತಾಗಿದರೆ ಜೀವ ಹಿಡಿಯಿತು, ಇಲ್ಲದಿದ್ದರೆ ಒಣಗಿತು.

ನೀವೇ ಬಂದು ಮಾಡಿಕೊಡಿ ಅಂದರೆ ಯಮನೂರಸಾಬ ಒಪ್ಪಲಿಲ್ಲ. "ನಿಮ್ಮವ್ವ ಕೈ ಮುಗಿಯೂ ವಸ್ತು ಅದು. ಅದಕ್ಕ ನಾ ಚಾಕು ಹಚ್ಚಿದ್ರ ನಾಳಿ ಊರಾಗ ಬ್ಯಾರೇನ ಮಾತಾಗತೈತಿ. ಮಗನಾಗಿ ನೀನ ಹಚ್ಚಪಾ, ಬೈಸಿಕೊಂಡ್ರೂ ಮನಿಯೊಳಗ ಮುಗೀತೈತಿ."

ನಮ್ಮವರು ಡಬ್ಬಗಳ್ಳಿ ತಂದು ಊರಿದರು. ನಾಯಿಂದರ ಮನೆಯಿಂದ ಹರಿತವಾದ ಕ್ಷೌರದ ಕತ್ತಿ ಕೇಳಿ ತಂದಿಟ್ಟರು. ಅಷ್ಟೇ. ಅತ್ತೆಗೆ ಹೇಳಲು ಬಾಯಿ ಬರಲಿಲ್ಲ. ಹಾಳೆ ಬೇರು ಬಿಟ್ಟಿತು. ಇತ್ತ ಬುಡದ ಕೊಳೆ ಒಂದೊಂದೇ ಬೆರಳಿನಷ್ಟು ಮೇಲೇರಿತು. ಅವರು ಕತ್ತಿ ಹಿಡಿದು ಏಣಿ ಹತ್ತುವುದು, ಅಲ್ಲಿ ಅತ್ತೆ ಕಣ್ಣು ಮುಚ್ಚಿ ಕೂತಿರುವುದನ್ನು ಕಂಡು ಇಳಿದು ಬರುವುದು. ನನಗೆ ನೋಡಿ ನೋಡಿ ಸಿಟ್ಟು ಬರುತ್ತಿತ್ತು.

ಅಮಾವಾಸ್ಯೆ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಶ್ರಾವಣದ ಅಮಾವಾಸ್ಯೆ ಬಂತು. ಮಗ್ಗಕ್ಕೆ ಪೂಜೆ ಮಾಡಿ, ನಮ್ಮವರು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ ಮೇಲೆ ಹೋದರು. ಇವತ್ತು ಮಾಡಿಯೇ ಮಾಡುತ್ತಾರೆ ಅಂತ ನಾನೂ ಹಿಂದೆ ಹೋದೆ. ಹೋದರೆ ಅತ್ತೆ, ಮರಿಯವ್ವ, ಇನ್ನೂ ನಾಲ್ಕಾರು ಹೆಂಗಸರು ತುಂಬಿದ ಕೊಡ ಇಟ್ಟುಕೊಂಡು ಕೂತಿದ್ದಾರೆ. ನಮ್ಮವರು ಕಂಬದ ಹಾಗೆ ನಿಂತುಬಿಟ್ಟರು. ಅತ್ತೆ ತಂಬಿಗೆ ಎತ್ತಿದರು.

"ಅತ್ತಿ, ನೀರು ಹಾಕಬ್ಯಾಡ್ರಿ" ಅಂದೆ. "ನಿಮ್ಮ ನೀರಿಗೇ ಅದು ಕೊಳ್ಯಾಕ ಹತ್ತೈತಿ."

ಮೊದಲು ಮರಿಯವ್ವನೇ ಬಾಯಿ ಬಿಟ್ಟಳು. "ಕೇಳಿದ್ಯೇನ ಕಳಕವ್ವ, ನಿನ್ನ ಸೊಸಿ ಮಾತು. ಪೂಜಿ ಮಾಡಿದ್ರ ದೇವರು ಕೊಳೀತೈತಂತ."

ಅತ್ತೆ ಅವಳ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ತಂಬಿಗೆ ಕೆಳಗಿಟ್ಟು ಮಗನನ್ನು ಕೇಳಿದರು, ಖರೇನಾ ಅಂತ. ನಮ್ಮವರು ತಲೆ ಆಡಿಸಿದರು. ಯಾವಾಗಿನಿಂದ ಗೊತ್ತು ಅಂತ ಅತ್ತೆ ಮತ್ತೆ ಕೇಳಿದರು. ಎರಡನೆಯ ಸೋಮವಾರದಿಂದ ಅಂದರು.

"ಮತ್ಯಾಕ ಬಾಯಿ ಬಿಡಲಿಲ್ಲ?"

ನಮ್ಮವರು ಸೊಂಟದ ಕತ್ತಿ ತೆಗೆದು ಕುಂಡದ ಪಕ್ಕ ಇಟ್ಟರು. ಆಮೇಲೆ ಹೇಳಿದರು. "ನಾ ತಂದದ್ದು ಒಂದನ್ನೂ ನೀ ಇಟ್ಕೊಂಡಿದ್ದಿಲ್ಲ ಯವ್ವಾ. ಇದೊಂದ ಇಟ್ಕೊಂಡಿದ್ದಿ."

ಅತ್ತೆ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತರು. ಬಿಲ್ವಪತ್ರೆಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟರು. ಬುಡದ ಮಣ್ಣು ಕೆದರಿ ಒತ್ತಿದರು. ಹೆಬ್ಬೆರಳು ಒಳಗೆ ಹೋಯಿತು. ಹೊರಗೆ ತೆಗೆದು ಮೂಸಿ ನೋಡಿದರು. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ಬೆನ್ನು ಮಾತ್ರ ಕಾಣುತ್ತಿತ್ತು. ಬೈಯುತ್ತಾರೋ ಅಳುತ್ತಾರೋ ತಿಳಿಯದೆ ನಾನು ಸೆರಗು ಕಚ್ಚಿಕೊಂಡು ನಿಂತಿದ್ದೆ.

"ದೇವರಾಗಿದ್ರ ಕೊಳೀತಿದ್ದಿಲ್ಲ" ಅಂದರು. "ಇದು ಗಿಡ. ಕೊಯ್ಯಿ."

ಮರಿಯವ್ವ ಎದ್ದು ನಿಂತಳು. "ಹಂಗಾದ್ರ ನನ್ನ ಆಡು ಸಿಕ್ಕದ್ದು ಹ್ಯಾಂಗ? ನನ್ನ ಹರಕಿ ಕಾಯಿ ಯಾರಿಗೆ ಒಡೀಲಿ?"

"ಆಡು ಹಸದು ಬಂತು. ಕಾಯಿ ಗುಡ್ಡಕ್ಕ ಹೋಗಿ ಕಾಲಕಾಲೇಶ್ವರಗ ಒಡಿ. ಈಗ ಬೆಳಕಿಗೆ ಅಡ್ಡ ನಿಂದರಬ್ಯಾಡ, ಆ ಕಡೆ ಸರಿ" ಅಂದರು ಅತ್ತೆ.

ನಾನು ಬಿಸಿನೀರು ತಂದೆ. ಕತ್ತಿ ತೊಳೆದರು. ನಮ್ಮವರು ಮೊದಲು ಡಬ್ಬಗಳ್ಳಿಯ ನೆತ್ತಿ ಕೊಯ್ದರು. ಆಮೇಲೆ ನಮ್ಮ ಗಿಡ. ಬುಡದಿಂದ ಎರಡು ಬೆರಳು ಮೇಲೆ ಕತ್ತಿ ಇಟ್ಟು ಎಳೆದರು. ಕೊಯ್ದ ಕಡೆ ನಡುವೆಲ್ಲ ಕಂದು ಬಣ್ಣ. ಕೊಳೆ ಅಲ್ಲಿಗೂ ಬಂದಿತ್ತು. ಅದರ ಮೇಲೆ ಇನ್ನೊಂದು ಬಿಲ್ಲೆ ಕೊಯ್ದರು. ಇನ್ನೂ ಕಂದು. ಗಿಡ ಅರ್ಧವೇ ಉಳಿದಿತ್ತು. ನಮ್ಮವರು ಬೆವರುತ್ತಿದ್ದರು. ಮತ್ತೊಂದು ಕೊಯ್ದರೆ ಏನು ಉಳಿಯುತ್ತದೆ? ಕೊಯ್ಯದಿದ್ದರೆ ಏನು ಉಳಿಯುತ್ತದೆ? ಹೆಂಗಸರೆಲ್ಲ ಕೊಡ ಮರೆತು ಬಗ್ಗಿ ನೋಡುತ್ತಿದ್ದರು. ಮರಿಯವ್ವನೇ ಎಲ್ಲರಿಗಿಂತ ಮುಂದೆ.

ಮತ್ತೆ ಕೊಯ್ದರು. ಹಸಿರು ಬೆಳ್ಳಗೆ, ಸೌತೆಕಾಯಿಯ ಹಾಗೆ. ನಡುವೆ ಒಂದು ಸಣ್ಣ ಬಳೆ. ಚೊಕ್ಕ ಬಳೆ.

ಅದನ್ನು ಡಬ್ಬಗಳ್ಳಿಯ ಮೇಲೆ ಕೂರಿಸಿದರು. ಈಗ ಕಟ್ಟಬೇಕು. ಬಿಗಿಯಾದರೆ ನೂಲು ಗಿಡವನ್ನು ಕೊಯ್ಯುತ್ತದೆ, ಸಡಿಲಾದರೆ ಬಳೆ ಸರಿಯುತ್ತದೆ. ನಮ್ಮವರು ಕಟ್ಟಲು ನೋಡಿದರು. ನೂಲು ಎರಡು ಸಲ ಜಾರಿತು. ಅತ್ತೆ ನೂಲನ್ನು ಅವರ ಕೈಯಿಂದ ತೆಗೆದುಕೊಂಡರು. ಮಗ್ಗದಲ್ಲಿ ಹರಿದ ಎಳೆಯನ್ನು ಕೂಡಿಸುವಾಗ ಹೇಗೋ ಹಾಗೆಯೇ. ಗಿಡದ ನೆತ್ತಿಯ ಮೇಲಿಂದ ಕುಂಡದ ಕೆಳಗೆ ಒಂದು ಸುತ್ತು, ಅಡ್ಡಕ್ಕೆ ಇನ್ನೊಂದು ಸುತ್ತು. ಪ್ರತಿ ಸುತ್ತಿಗೂ ನೂಲನ್ನು ಬೆರಳಿನಿಂದ ಮೀಟಿ, ಅದರ ಸದ್ದು ಕೇಳಿ, ಎಷ್ಟು ಎಳೆಯಬೇಕೋ ಅಷ್ಟೇ ಎಳೆದರು. ಡಬ್ಬಗಳ್ಳಿಯ ಸಣ್ಣ ಮುಳ್ಳು ಅಂಗೈ ತುಂಬ ಚುಚ್ಚಿಕೊಂಡವು. ಗಂಟು ಹಾಕುವವರೆಗೂ ಕೈ ತೆಗೆಯಲಿಲ್ಲ. ಅವತ್ತು ಮಧ್ಯಾಹ್ನವೆಲ್ಲ ನಾನು ಬೆಳಕಿಂಡಿಯ ಕೆಳಗೆ ಕೂತು ಅವರ ಅಂಗೈಯಿಂದ ಮುಳ್ಳು ಕಿತ್ತೆ. "ಇದಕ್ಕ ಮುಳ್ಳಿಲ್ಲ ಅಂತ ಹೇಳಿ ತಂದಿದ್ದ ಮಗ" ಅಂದರು. ನಕ್ಕರು.

ಆಮೇಲೆ ಕುಂಡ ಮಗ್ಗದ ಮನೆಯ ನೆರಳಿಗೆ ಬಂತು. ಒಂದು ಹನಿ ನೀರೂ ತಾಗಬಾರದು ಅಂತ ಯಮನೂರಸಾಬ ಹೇಳಿ ಕಳಿಸಿದ್ದರು. ಅತ್ತೆ ಕಾವಲು ಕೂತರು. ಯಾರೇ ಬಂದರೂ ಮೊದಲು ಕೈ ನೋಡುವುದು, ಕೈಯಲ್ಲಿ ನೀರಿದೆಯೇ ಅಂತ. ಮರಿಯವ್ವ ಕೆರೆಯಿಂದ ಬರುತ್ತಾ ಮಾತಿಗೆ ಇಣುಕಿದರೆ, ಕೊಡ ಹೊರಗಿಟ್ಟು ಬಾ ಅನ್ನುತ್ತಿದ್ದರು. ಮೊನ್ನೆವರೆಗೆ ಕೊಡಗಟ್ಟಲೆ ಸುರಿದವರು ಇವರೇ. ನನಗೆ ಒಳಗೊಳಗೇ ನಗು.

ನೂಲು ಬಿಚ್ಚುವ ದಿನ ನಮ್ಮವರು ಮಗ್ಗ ನಿಲ್ಲಿಸಿದರು. ಬಿಚ್ಚಿದ್ದು ಅತ್ತೆಯೇ. ಕೊನೆಯ ಸುತ್ತು ತೆಗೆದಾಗ ಮೂವರೂ ಕುಂಡದ ಸುತ್ತ ಬಗ್ಗಿದ್ದೆವು. ನಮ್ಮವರು ಒಂದು ಬೆರಳಿನಿಂದ ಮೆಲ್ಲಗೆ ನೂಕಿದರು. ಅಲುಗಲಿಲ್ಲ. ಇನ್ನೂ ಸ್ವಲ್ಪ ನೂಕಿದರು. ಡಬ್ಬಗಳ್ಳಿಯೇ ಬಾಗಿತು, ಇದು ಅದಕ್ಕೆ ಅಂಟಿಕೊಂಡೇ ಇತ್ತು. ಹಿಡಿದಿದೆ ಅಂದರು. ಹಿಡಿದಿದೆ ಅಂದೆ ನಾನು. ಹಿಡದೈತಿ, ಸಾಕು ನೂಕಬ್ಯಾಡ ಅಂದರು ಅತ್ತೆ.

ಕುಂಡ ಮತ್ತೆ ಮಾಳಿಗೆ ಹತ್ತಿ ಬೆಳಕಿಂಡಿಯ ಪಕ್ಕ ಕೂತಿತು. ದೀಪಾವಳಿಗೆ ಗಿಡ ಮೊದಲಿನಷ್ಟೇ ದಪ್ಪವಾಯಿತು. ಬೇಲಿಯ ಕಳ್ಳಿಯ ಬಲ ಅದು. ಸಂಕ್ರಾಂತಿ ದಾಟಿತು, ಉಗಾದಿ ದಾಟಿತು. ನೆತ್ತಿಯ ಮೇಲೆ ಅರಳೆಯಂಥ ಒಂದು ಚೂರು ಕಾಣಿಸಿಕೊಂಡಿತು. ಇಲಿ ಕಡಿದಿದೆ ಅಂತ ಅತ್ತೆ ಹೌಹಾರಿದರು. ನಮ್ಮವರು ಬಗ್ಗಿ ನೋಡಿದರು. ಕೆಳಗೆ ಬಂದು ನನ್ನ ಕಿವಿಯಲ್ಲಿ, "ಮೊಗ್ಗಿ" ಅಂದರು. ಆ ವಾರ ನೇಯ್ದ ಸೀರೆಯಲ್ಲಿ ಎಷ್ಟು ತಪ್ಪು ಬಿದ್ದಿದ್ದವೋ. ಲಾಳಿ ಎಸೆಯುವುದು, ಮೇಲೆ ನೋಡುವುದು. ಲಾಳಿ ಎಸೆಯುವುದು, ಮೇಲೆ ನೋಡುವುದು.

ಒಂದು ಮಧ್ಯಾಹ್ನ ಸೀರೆಯ ಮೇಲೆ ನೆರಳು ಬಿತ್ತು. ಮೇಲಿಂದ ಅತ್ತೆಯ ದನಿ.

"ತೋಟಪ್ಪ, ಲಗೂ ಬಾ. ಬಾಯಿ ತೆಗ್ಯಾಕ ಹತ್ತೈತಿ."

ಲಾಳಿ ಎಲ್ಲಿ ಬಿತ್ತೋ ದೇವರಿಗೇ ಗೊತ್ತು. ಅವರು ಕುಣಿಯಿಂದ ಜಿಗಿದು ಏಣಿ ಹತ್ತಿದ್ದನ್ನು ನಾನು ನೋಡಲಿಲ್ಲ, ಕೇಳಿದೆ ಅಷ್ಟೇ. ನಾನು ಹೋಗುವಷ್ಟರಲ್ಲಿ ಹೂ ಅರ್ಧ ಬಿಚ್ಚಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು. ನಮ್ಮ ಕಣ್ಣೆದುರಿಗೆ ಒಂದೊಂದೇ ದಳ ಹಿಂದೆ ಸರಿಯಿತು. ಅರಿಸಿನದ ಹಳದಿ ಅಲ್ಲ, ಸಾಸಿವೆ ಹೂವಿನ ಹಳದಿಯೂ ಅಲ್ಲ. ರೇಷ್ಮೆಯನ್ನು ಈಗಷ್ಟೇ ಬಣ್ಣದಿಂದ ಎತ್ತಿದ ಹಾಗೆ ಮಿಂಚುತ್ತಿತ್ತು. ಒಳಗೆ ಗಂಟಲಿನಲ್ಲಿ ಕೆಂಪು. ನಮ್ಮವರು ಮೂಗು ತಾಗುವಷ್ಟು ಹತ್ತಿರ ಹೋಗಿ ಗೆರೆ ಹುಡುಕಿದರು. ನಾನೂ ಹುಡುಕಿದೆ. ಅತ್ತೆಯೂ ಕಣ್ಣಿಗೆ ಕೈ ಅಡ್ಡ ಹಿಡಿದು ಹುಡುಕಿದರು. ಗೆರೆ ಇರಲಿಲ್ಲ.

ಓಣಿಯೆಲ್ಲ ಏಣಿ ಹತ್ತಿತು. ಮರಿಯವ್ವ ಸೆರಗಿನಲ್ಲಿ ಕಾಯಿ ಮುಚ್ಚಿಕೊಂಡು ಬಂದಿದ್ದಳು. ದೇವರಲ್ಲ ಅಂತ ನನಗೂ ಗೊತ್ತೈತಿ, ಆದರೂ ಇರಲಿ ಅಂದಳು. ಅತ್ತೆ ತಡೆಯಲಿಲ್ಲ. "ಒಡಿ. ನೀರು ಮಾತ್ರ ಗಿಡಕ್ಕ ಹಾಕಬ್ಯಾಡ, ನೀನ ಕುಡಿ" ಅಂದರು. ಮರಿಯವ್ವ ಎಲ್ಲರ ಎದುರಿಗೇ ಗಟಗಟ ಕುಡಿದಳು.

ಸಂಜೆ ಹೂ ಮುಚ್ಚಿಕೊಂಡಿತು. ಮರುದಿನ ಬಿಸಿಲೇರಿದಾಗ ಮತ್ತೆ ಬಿಚ್ಚಿತು. ಅಷ್ಟರಲ್ಲಿ ನಮ್ಮವರು ಹಳದಿ ಎಳೆಗೆ ಕೆಂಪು ಎಳೆ ಸೇರಿಸಿ ಹುರಿ ಮಾಡುವುದು ಶುರು ಮಾಡಿದ್ದರು. ಮೊದಲು ಬರೀ ಹಳದಿ. ಆಮೇಲೆ ಹಳದಿ ಹೆಚ್ಚು, ಕೆಂಪು ಕಡಿಮೆ. ಆಮೇಲೆ ಸಮ. ಆಮೇಲೆ ಕೆಂಪು ಹೆಚ್ಚು. ಹೀಗೆ ಅಂಚು ಕೂಡಿಸಿದರು. ಹತ್ತಿರದಿಂದ ನೋಡಿದರೆ ಎಳೆ ಕಾಣುತ್ತದೆ. ಹತ್ತು ಹೆಜ್ಜೆ ದೂರ ನಿಂತರೆ ಗೆರೆ ಸಿಗುವುದಿಲ್ಲ. ಸಾವುಕಾರರು ಸೀರೆ ನೋಡಿ, "ಬಣ್ಣ ಬಿಟ್ಟೈತಲ್ಲೋ ತೋಟಪ್ಪ" ಅಂದರು. ನಮ್ಮವರು ನಗುತ್ತಾ ಸೀರೆ ಮಡಚಿಕೊಂಡು ಮನೆಗೆ ಬಂದು ಅತ್ತೆಯ ಕೈಯಲ್ಲಿಟ್ಟರು. ಅವರು ತಂದ ಇನ್ನೊಂದು ವಸ್ತುವನ್ನು ಅತ್ತೆ ಇಟ್ಟುಕೊಂಡರು. ಉಟ್ಟೂ ಉಟ್ಟರು.

ಅದರ ಮುಂದಿನ ಬೇಸಿಗೆಯಲ್ಲೂ ಹೂವಾಯಿತು. ಎರಡು ಹೂ. ಅದನ್ನೂ ನಮ್ಮವರು ನೋಡಿದರು.

ಹೋದ ಕಾರ್ತಿಕದಲ್ಲಿ ಜ್ವರ ಬಂತು. ದವಾಖಾನೆಗೆ ಒಯ್ದೆವು. ಉಳಿಯಲಿಲ್ಲ. ಅದರ ಬಗ್ಗೆ ಬರೆಯಲು ನನ್ನಲ್ಲಿ ಏನೂ ಇಲ್ಲ.

ಮಗ್ಗ ಸುಮ್ಮನೆ ಬಿದ್ದಿದ್ದನ್ನು ನೋಡಲಾಗದೆ ಪುಷ್ಯದಲ್ಲಿ ನಾನೇ ಕುಣಿಗೆ ಇಳಿದೆ. ಹೆಣ್ಣುಮಗಳು ಮಗ್ಗಕ್ಕೆ ಕೂತಳು ಅಂತ ಓಣಿ ಆಡಿಕೊಂಡಿತು. ಅತ್ತೆ ನನ್ನ ಪಕ್ಕ ಕಂಡಿಕೆ ಸುತ್ತಲು ಕೂತರು, ಓಣಿ ಸುಮ್ಮನಾಯಿತು. ಮೊದಮೊದಲು ಸಾದಾ ಅಂಚು ನೇಯ್ದೆ. ಕೈ ಕುದುರಿದ ಮೇಲೆ ಆ ಹುರಿಯ ಅಂಚು ಹಿಡಿದೆ. ಸಮ ಬರುವ ಜಾಗದಲ್ಲಿ ನನಗೆ ಗೆರೆ ಬೀಳುತ್ತಿತ್ತು. ಬಿಚ್ಚುವುದು, ಮತ್ತೆ ಕೂಡಿಸುವುದು. ಗಿಡಕ್ಕೆ ನೀರು ಹಾಕುವುದು ಈಗ ಅತ್ತೆಯ ಕೆಲಸ. ಬೆರಳು ಅದ್ದಿ ಚಿಮುಕಿಸುತ್ತಾರೆ, ನಾಲಿಗೆ ಒದ್ದೆಯಾಗುವಷ್ಟು.

ಈ ಸಲ ಉಗಾದಿ ಕಳೆದು ಮೊಗ್ಗು ಬಂದದ್ದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಮಾತಾಡಲಿಲ್ಲ.

ಮೊನ್ನೆ ಮಧ್ಯಾಹ್ನ ಅದೇ ಸಮದ ಜಾಗ ಕೂಡಿಸುತ್ತಿದ್ದೆ. ಅಂಚಿನ ಮೇಲೆ ನೆರಳು ಬಿತ್ತು.

"ತೋಟಪ್ಪ, ಲಗೂ ಬಾ" ಅಂದರು ಅತ್ತೆ.

ಅಂದವರು ಅಲ್ಲಿಗೇ ನಿಂತರು. ನೆರಳು ಅಲುಗಲಿಲ್ಲ. ನನ್ನ ಕೈಯಲ್ಲಿ ಲಾಳಿ ಹಾಗೆಯೇ ಉಳಿಯಿತು. ಆಮೇಲೆ ಮೇಲಿಂದ ಮತ್ತೆ ಕೇಳಿಸಿತು, ಸಣ್ಣ ದನಿಯಲ್ಲಿ.

"ರೇಣವ್ವ, ನೀ ಬಾ. ಮೂರ ಅದಾವು."

ಮೂರು. ಲಾಳಿ ಬಿಟ್ಟೆ. ಎಲ್ಲಿ ಬಿತ್ತೋ ನೋಡಲಿಲ್ಲ. ಸೀರೆ ಎತ್ತಿ ಕಟ್ಟಿ ಕುಣಿಯಿಂದ ಜಿಗಿದೆ. ಏಣಿಯ ಮೇಲೆ ಕಾಲು ನಿಲ್ಲಲಿಲ್ಲ. ಮೇಲೆ ಹೋಗುವಷ್ಟರಲ್ಲಿ ಮೊದಲನೆಯದು ಪೂರ್ತಿ ಬಿಚ್ಚಿತ್ತು, ಎರಡನೆಯದು ಅರ್ಧ, ಮೂರನೆಯದು ಈಗ ಬಾಯಿ ತೆಗೆಯುತ್ತಿತ್ತು. ಅತ್ತೆ ನಮ್ಮವರು ನೇಯ್ದ ಆ ಸೀರೆಯನ್ನೇ ಉಟ್ಟಿದ್ದರು. ಅಂಚನ್ನು ಹೂವಿನ ಪಕ್ಕ ಹಿಡಿದು, ನೋಡು ಅಂದರು.

ನೋಡಿದೆ. ನನ್ನ ತಪ್ಪು ಎಲ್ಲಿ ಅಂತ ಸಿಕ್ಕಿತು. ಸಮ ಬರುವ ಮೊದಲೇ ನಾನು ಕೆಂಪಿಗೆ ಅವಸರ ಮಾಡುತ್ತಿದ್ದೆ. ಹೂವಿನಲ್ಲಿ ಹಳದಿ ಬಹಳ ಹೊತ್ತು ಇರುತ್ತದೆ. ಅವರೂ ಹಾಗೆಯೇ ನೇಯ್ದಿದ್ದರು.

ಕೆಳಗೆ ಹೋಗಿ ಬಿಚ್ಚಿ ಮತ್ತೆ ಕೂಡಿಸುತ್ತೇನೆ ಅಂದೆ. ಮೂರನೆಯದು ಬಿಚ್ಚಲಿ, ಆಮೇಲೆ ಹೋಗು ಅಂದರು ಅತ್ತೆ. ಕೂತೆ.